ಬರೆಯುವಾಗ ಗೊತ್ತಿತ್ತಾ?

ಮಲಾಡಿನ ನಮ್ಮ ಕನ್ನಡ ಬಳಗ ದೊಡ್ಡದೇನಲ್ಲ. ಆಸುಪಾಸಿನ ಕಟ್ಟಡಗಳ ಮೂವತ್ತು ಮೂವತ್ತೈದು ಮನೆಗಳು ಸೇರಿದರೆ ಬಳಗ ಮುಗಿಯಿತು. ಯುಗಾದಿಗೆ ಒಂದು ಊಟ, ನವೆಂಬರಿನಲ್ಲಿ ಒಂದು ರಾಜ್ಯೋತ್ಸವ, ಡಿಸೆಂಬರ್ ಕೊನೆಯ ವಾರದಲ್ಲಿ ಮಕ್ಕಳ ಹಾಡು ನೃತ್ಯಗಳ ಒಂದು ಸಂಜೆ. ಆಮಂತ್ರಣ ಪತ್ರಿಕೆ ಬರೆಯುವ ಕೆಲಸ ಹೇಗೋ ನನ್ನ ತಲೆಗೆ ಕಟ್ಟಿಕೊಂಡಿದೆ. ಕನ್ನಡ ಟೈಪಿಂಗ್ ಬರುತ್ತದೆ ಎಂದು ಒಂದು ಸಲ ಹೇಳಿದ್ದೇ ತಪ್ಪಾಯಿತು.

ಎರಡು ವರ್ಷದ ಹಿಂದಿನ ಡಿಸೆಂಬರಿನ ಪತ್ರಿಕೆಗೆ ನಾನು ಕೊಟ್ಟ ತಲೆಬರಹ ‘ಎಕ್ಸ್‌ಮಸ್ ಮತ್ತು ಹೊಸ ವರ್ಷದ ಸಂಜೆ’. ನೂರಿಪ್ಪತ್ತು ಪ್ರತಿ ಅಚ್ಚಾಗಿ ಬಂತು. ಮನೆಮನೆಗೆ ಹಂಚುತ್ತಾ ನಮ್ಮದೇ ಕಟ್ಟಡದ ಮೂರನೇ ಮಹಡಿಯ ಟೀಚರ್ ಮನೆಗೂ ಒಂದು ಕೊಟ್ಟು ಬಂದೆ. ಟೀಚರ್ ಎಂದರೆ ನಿವೃತ್ತ ಟೀಚರ್. ಮಂಗಳೂರು ಕಡೆಯ ಕಥೊಲಿಕರು. ಮನೆಯಲ್ಲಿ ಕೊಂಕಣಿ, ಮೂವತ್ತು ವರ್ಷ ಈ ಊರಿನ ಕನ್ನಡ ಮಾಧ್ಯಮದ ಶಾಲೆಯಲ್ಲಿ ಕಲಿಸಿದ್ದು ಕನ್ನಡ. ಅಂದು ಸಂಜೆಯೇ ಅವರು ಪತ್ರಿಕೆ ಹಿಡಿದುಕೊಂಡು ನಮ್ಮ ಮನೆಗೆ ಬಂದರು.

‘ಇದೆಂತದು, ಸಿದ್ಧಲಿಂಗಸ್ವಾಮಿಯವರೇ? ಎಕ್ಸ್ ಅಂದ್ರೆ ಇಂಟು ಮಾರ್ಕ್ ಅಲ್ವಾ? ಕ್ರಿಸ್ತನ ಜಾಗದಲ್ಲಿ ಇಂಟು ಹಾಕಿದ್ದೀರಿ.’

ಸಿಟ್ಟಿನಲ್ಲಿ ಹೇಳಲಿಲ್ಲ. ಹೋಂವರ್ಕಿನಲ್ಲಿ ತಪ್ಪು ಸಿಕ್ಕಿದ ಹುಡುಗನಿಗೆ ಹೇಳುವ ಹಾಗೆ ಹೇಳಿದರು. ನಾನು ‘ಅಯ್ಯೋ, ಹಾಗೇನಿಲ್ಲ ಟೀಚರ್, ಜಾಗ ಉಳಿಯಲಿ ಅಂತ ಚಿಕ್ಕದು ಮಾಡಿದೆ’ ಎಂದೆ. ಅವರು ಸೋಫಾದ ತುದಿಯಲ್ಲಿ ಕುಳಿತು ಬೆರಳು ಮಡಿಸಿ ಎಣಿಸಿದರು. ‘ಎಕ್ಸ್‌ಮಸ್, ನಾಲ್ಕು ಮಾತ್ರೆ. ಕ್ರಿಸ್ಮಸ್, ಅದೂ ನಾಲ್ಕೇ. ಎಂತ ಉಳಿಯಿತು?’

ನಿಜ, ಏನೂ ಉಳಿದಿರಲಿಲ್ಲ. ಇಂಗ್ಲಿಷಿನಲ್ಲಿ ಒಂಬತ್ತು ಅಕ್ಷರದ ಪದ ನಾಲ್ಕಕ್ಕೆ ಇಳಿಯುತ್ತದೆ. ಕನ್ನಡದಲ್ಲಿ ಬರೆದರೆ ‘ಎಕ್ಸ್‌ಮಸ್’ ಎಂಬುದೇ ಒಂದು ಕೂದಲೆಳೆ ಅಗಲ. ಹಾಗಾದರೆ ಯಾಕೆ ಬರೆದೆ? ಮಾಲುಗಳಲ್ಲಿ, ಬೇಕರಿಗಳ ಫಲಕಗಳಲ್ಲಿ, ಆಫೀಸಿನ ಮೇಲ್‌ಗಳಲ್ಲಿ ನೋಡಿ ನೋಡಿ ಕೈಗೆ ಬಂದಿತ್ತು, ಬರೆದೆ. ಇದಕ್ಕಿಂತ ಹೆಚ್ಚಿನ ಕಾರಣ ಇರಲಿಲ್ಲ. ಆದರೆ ತಪ್ಪು ಎಂದು ಒಬ್ಬರು ತೋರಿಸಿಕೊಟ್ಟ ಮೇಲೆ ಕಾರಣ ಹುಡುಕದೆ ಇರುವ ಜಾತಿ ನನ್ನದಲ್ಲ. ಅಂದು ರಾತ್ರಿ ಕೂತು ಓದಿದೆ.

ಓದಿದ್ದು ನನ್ನ ಪರವಾಗಿಯೇ ಇತ್ತು. ಈ ಪದದ ಮೊದಲಿಗಿರುವುದು ಹುಟ್ಟಿನಿಂದ ಇಂಗ್ಲಿಷಿನ ಎಕ್ಸ್ ಅಲ್ಲ. ಗ್ರೀಕಿನ ‘ಖಿ’ ಎಂಬ ಅಕ್ಷರ. ಬರೆದರೆ ಇಂಗ್ಲಿಷಿನ ಎಕ್ಸ್‌ನಂತೆಯೇ ಎರಡು ಅಡ್ಡಗೆರೆ, ಉಚ್ಚಾರ ನಮ್ಮ ‘ಖ’ದ ಹತ್ತಿರ. ಗ್ರೀಕಿನಲ್ಲಿ ‘ಖ್ರಿಸ್ತೋಸ್’ ಎಂದು ಬರೆಯುವಾಗ ಮೊದಲ ಅಕ್ಷರ ಅದೇ. ಖ್ರಿಸ್ತೋಸ್ ಎಂದರೆ ಅಭಿಷಿಕ್ತ, ಹೀಬ್ರೂವಿನ ‘ಮಷೀಯಹ್’ ಎಂಬುದರ ಅನುವಾದ. ಹೊಸ ಒಡಂಬಡಿಕೆ ಬರೆದದ್ದೇ ಗ್ರೀಕಿನಲ್ಲಾದ್ದರಿಂದ ಆ ಅಕ್ಷರ ಕ್ರಿಸ್ತನನ್ನು ಅಳಿಸಿದ ಗುರುತಲ್ಲ, ಅವನ ಹೆಸರಿನ ತಲೆಯಕ್ಷರ. ಕ್ರಿ.ಶ. 312ರಲ್ಲಿ ರೋಮಿನ ಹೊರಗೆ ಮಿಲ್ವಿಯನ್ ಸೇತುವೆಯ ಬಳಿ ನಡೆದ ಯುದ್ಧದ ಸಂದರ್ಭದಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ತನ್ನ ಸೈನ್ಯಕ್ಕೆ ಕೊಟ್ಟ ಗುರುತು ಎಂದು ಹೇಳುವುದೂ ಇದನ್ನೇ: ‘ಖಿ’ಯ ನಡುವೆ ‘ರೋ’ ಎಂಬ ಮುಂದಿನ ಅಕ್ಷರ ಎದ್ದು ನಿಂತಿರುವ ಚಿಹ್ನೆ. ಇವತ್ತಿಗೂ ಎಷ್ಟೋ ಚರ್ಚುಗಳ ಪೂಜಾಪೀಠದ ಬಟ್ಟೆಯ ಮೇಲೆ ಅದರ ಕಸೂತಿ ಇರುತ್ತದೆ.

ಇಂಗ್ಲಿಷಿನಲ್ಲಿಯೂ ಇದು ಮಾಲಿನವರು ಹುಟ್ಟಿಸಿದ್ದಲ್ಲ. ಸುಮಾರು 1100ರ ಹೊತ್ತಿಗೇ ಹಳೆಯ ಇಂಗ್ಲಿಷಿನ ‘ಆಂಗ್ಲೋ-ಸ್ಯಾಕ್ಸನ್ ಕ್ರಾನಿಕಲ್’ ಎಂಬ ವೃತ್ತಾಂತದಲ್ಲಿ ಈ ಹಬ್ಬದ ಹೆಸರನ್ನು ಖಿ ಅಕ್ಷರ ಹಾಕಿ ಮೊಟಕು ಮಾಡಿ ಬರೆದಿದೆ. ಬರೆದವರು ಮಠದ ಸನ್ಯಾಸಿಗಳು. 1551ರಲ್ಲಿ ಇನ್ನೊಂದು ರೂಪ ಸಿಗುತ್ತದೆ. ಬೈರನ್ 1811ರಲ್ಲಿ, ಲೂಯಿಸ್ ಕೆರೊಲ್ 1864ರಲ್ಲಿ ತಮ್ಮ ಕಾಗದಗಳಲ್ಲಿ ಹಾಗೆ ಬರೆದಿದ್ದಾರೆ. ಕೆರೊಲ್ ಚರ್ಚಿನ ದೀಕ್ಷೆ ಪಡೆದವನು.

ಮರುದಿನ ಬೆಳಿಗ್ಗೆ ಲಿಫ್ಟಿನ ಬಳಿ ಟೀಚರ್ ಸಿಕ್ಕಿದರು. ಹಾಲಿನ ಪ್ಯಾಕೆಟ್ ಹಿಡಿದು ನಿಂತಿದ್ದ ಆ ಹಿರಿಯರಿಗೆ ನಾನು ಖಿ, ರೋ, ಕಾನ್‌ಸ್ಟಂಟೈನ್, ಸನ್ಯಾಸಿಗಳು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಕೊನೆಗೆ ಒಂದು ಸಣ್ಣ ಚುಚ್ಚು ಕೂಡ ಸೇರಿಸಿದೆ: ‘ನಿಮ್ಮ ಕೊಂಕಣಿಯಲ್ಲಿ ನತಾಲ್ ಅಂತೀರಿ. ಅದರಲ್ಲೂ ಕ್ರಿಸ್ತನ ಹೆಸರಿಲ್ಲವಲ್ಲ ಟೀಚರ್. ಬರೀ ಹುಟ್ಟು ಅಂತ ಅರ್ಥ.’

‘ಮನೆಯ ಮಗುವಿನ ಹುಟ್ಟಿದ ದಿನಕ್ಕೆ ಮನೆಯೊಳಗೆ ಯಾರದ್ದು ಅಂತ ಹೇಳ್ತಾರಾ?’ ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಗ್ರೀಕಿನ ವಿಷಯ ನನಗೆ ಗೊತ್ತಿರಲಿಲ್ಲ, ಒಳ್ಳೆಯದಾಯ್ತು. ಆದ್ರೆ ಬರೆಯುವಾಗ ನಿಮಗೆ ಇದೆಲ್ಲ ಗೊತ್ತಿತ್ತಾ?’

ಲಿಫ್ಟ್ ಬಂತು. ಅವರು ಹೋದರು.

ಈ ಪ್ರಶ್ನೆ ನನ್ನನ್ನು ಬಹಳ ದಿನ ಬಿಡಲಿಲ್ಲ. ನಾನು ಕೊಟ್ಟ ಸಮರ್ಥನೆಯಲ್ಲಿ ಒಂದು ಮಾತೂ ಸುಳ್ಳಲ್ಲ. ಆದರೆ ಅದು ನನ್ನದಲ್ಲ. ಆ ಸನ್ಯಾಸಿಗಳದು. ಅವರು ಏನು ಮಾಡಿದರೋ ಅದನ್ನು ನಾನು ಮಾಡಿರಲಿಲ್ಲ, ಅವರ ಕೆಲಸದ ಫಲ ಮಾತ್ರ ಆಕಸ್ಮಿಕವಾಗಿ ನನ್ನ ಕೈಯಲ್ಲಿತ್ತು. ದಾರಿಯಲ್ಲಿ ಯಾರದೋ ಕಾಲು ತುಳಿದು, ಆಮೇಲೆ ನಕಾಶೆ ತೆಗೆದು ‘ನೋಡಿ, ಇದು ಸಾರ್ವಜನಿಕ ರಸ್ತೆ’ ಎಂದು ತೋರಿಸಿದಂತೆ. ರಸ್ತೆ ಸಾರ್ವಜನಿಕವೇ, ತುಳಿದದ್ದೂ ನಿಜವೇ.

ಹಾಗೆಂದು ಟೀಚರ್ ಹೇಳಿದ್ದೇ ಸರಿ ಎಂದು ಅಲ್ಲಿಗೆ ಬಿಟ್ಟುಬಿಡಲೂ ನನಗೆ ಮನಸ್ಸಿಲ್ಲ. ತಪ್ಪು ತಿಳಿವಳಿಕೆಯಿಂದ ಆಗುವ ನೋವಿಗೆ ನಾವು ಎಷ್ಟು ತಲೆಬಾಗಬೇಕು? ನಮ್ಮ ದೇಶದಲ್ಲಿ ಈಗ ಇದು ಲಘುವಾದ ಪ್ರಶ್ನೆಯಲ್ಲ. ದಿನಕ್ಕೊಬ್ಬರು ನೊಂದವರು ಸಿಗುತ್ತಾರೆ. ನೊಂದವರೆಲ್ಲರ ಮಾತು ಕೇಳಿದರೆ ಪುಸ್ತಕ, ನಾಟಕ, ಜಾಹೀರಾತು ಯಾವುದೂ ಉಳಿಯುವುದಿಲ್ಲ. ನೋವಾಯಿತು ಎನ್ನುವುದೊಂದೇ ವಾದವಾಗಬಾರದು ಎಂದು ನಾನು ಸ್ನೇಹಿತರ ನಡುವೆ ಗಂಟಲು ಹರಿದುಕೊಂಡು ವಾದಿಸಿದವನು. ಈಗಲೂ ಆ ಮಾತನ್ನು ಹಿಂದೆ ತೆಗೆದುಕೊಳ್ಳುವುದಿಲ್ಲ.

ಅಮೆರಿಕದಲ್ಲಿ ಈ ಒಂದಕ್ಷರದ ಮೇಲೆ ದಶಕಗಳ ತಕರಾರಿದೆ. 1977ರ ಡಿಸೆಂಬರಿನಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಗವರ್ನರ್ ಮೆಲ್ಡ್ರಿಮ್ ಥಾಮ್ಸನ್ ಪತ್ರಕರ್ತರಿಗೆ ಹೇಳಿಕೆಯೊಂದನ್ನು ಕಳಿಸಿ, ಹಬ್ಬದ ಹೆಸರಿನಲ್ಲಿ ಕ್ರಿಸ್ತನನ್ನು ಉಳಿಸಿ, ಎಕ್ಸ್ ಹಾಕಬೇಡಿ, ಅದು ಕ್ರೈಸ್ತರಲ್ಲದವರ ಕಾಗುಣಿತ ಎಂದ. ಚರಿತ್ರೆಯ ದೃಷ್ಟಿಯಿಂದ ಅವನು ಹೇಳಿದ್ದು ತಲೆಕೆಳಗು. ಆದರೆ ಅದಕ್ಕಿಂತ ನನಗೆ ಕಾಣುವುದು ಅವನು ನಿಂತ ಜಾಗ. ಕ್ರೈಸ್ತರೇ ಹೆಚ್ಚಿರುವ ರಾಜ್ಯದ ಗವರ್ನರ್ ಪತ್ರಿಕೆಗಳಿಗೆ ಹೀಗೆ ಬರೆಯಿರಿ ಎಂದು ಹೇಳುವುದಕ್ಕೂ, ಮಲಾಡಿನ ಮೂರನೇ ಮಹಡಿಯ ಒಬ್ಬ ನಿವೃತ್ತ ಟೀಚರ್ ಆಮಂತ್ರಣ ಪತ್ರಿಕೆ ಹಿಡಿದು ಪಕ್ಕದ ಮನೆಯವನ ಬಳಿ ಬರುವುದಕ್ಕೂ ವ್ಯತ್ಯಾಸವಿದೆ. ವಾಕ್ಯ ಒಂದೇ ಇರಬಹುದು. ಮೊದಲನೆಯದು ಅಧಿಕಾರದ ಮಾತು, ಎರಡನೆಯದು ನೆರೆಯವರ ಮಾತು. ನಾನು ಲಿಫ್ಟಿನ ಬಳಿ ಉತ್ತರ ಕೊಟ್ಟದ್ದು ಗವರ್ನರಿಗೆ, ಎದುರಿಗೆ ನಿಂತಿದ್ದವರಿಗಲ್ಲ.

ಅಂದಹಾಗೆ, ಈ ಹಬ್ಬದ ಹೆಸರಿನ ಇನ್ನೊಂದು ತುದಿಯ ಬಗ್ಗೆಯೂ ಒಂದು ಕಾಲದಲ್ಲಿ ಜನ ನೊಂದುಕೊಂಡಿದ್ದರು. ಕ್ರಿಸ್ಮಸ್ಸಿನ ‘ಮಸ್’ ಎಂದರೆ ಮಾಸ್, ಕಥೊಲಿಕರ ಪೂಜೆ. ಹದಿನೇಳನೇ ಶತಮಾನದ ಪ್ಯೂರಿಟನ್ನರಿಗೆ ಕ್ರಿಸ್ತ ಬೇಕಿತ್ತು, ಮಾಸ್ ಬೇಡವಾಗಿತ್ತು. ಅವರಲ್ಲಿ ಕೆಲವರು ಹಬ್ಬದ ಹೆಸರಿನಿಂದ ಹಿಂದಿನ ಅರ್ಧವನ್ನೇ ಕಿತ್ತು ಬೇರೆ ಹೆಸರಿಟ್ಟರು. ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ 1659ರಿಂದ 1681ರವರೆಗೆ ಈ ಹಬ್ಬ ಆಚರಿಸಿದರೆ ದಂಡವಿತ್ತು. ಅಂದರೆ ‘ಮಸ್’ ಎಂಬ ಮೊಟಕು ಅಂಗದ ಮೇಲೆ ಈಗ ಯಾರಿಗೂ ಕಣ್ಣಿಲ್ಲ, ಎಲ್ಲರ ಕಣ್ಣೂ ಎಕ್ಸ್ ಮೇಲೆ. ಯಾವ ಅಕ್ಷರ ಯಾವಾಗ ನೋಯುತ್ತದೆ ಎಂಬುದು ಅಕ್ಷರದೊಳಗೆ ಇರುವುದಿಲ್ಲ.

ನಾನು ಓದಿದ್ದರಲ್ಲಿ ಹೆಚ್ಚು ಹಿಡಿಸಿದ್ದು ಗ್ರೀಕ್ ಹಸ್ತಪ್ರತಿಗಳ ಸಂಗತಿ. ಸಿಕ್ಕಿರುವ ಅತ್ಯಂತ ಹಳೆಯ ಕ್ರೈಸ್ತ ಪ್ರತಿಗಳಲ್ಲಿಯೇ ನಾಲ್ಕು ಪದಗಳನ್ನು ಪೂರ್ತಿ ಬರೆಯದ ಪದ್ಧತಿ ಕಾಣುತ್ತದೆ: ದೇವರು, ಪ್ರಭು, ಯೇಸು, ಕ್ರಿಸ್ತ. ಪದದ ಮೊದಲ ಮತ್ತು ಕೊನೆಯ ಅಕ್ಷರ ಬರೆದು ಮೇಲೊಂದು ಗೆರೆ ಎಳೆದರೆ ಮುಗಿಯಿತು. ಪಪೈರಸ್ ದುಬಾರಿ, ಅದಕ್ಕೆ ಉಳಿತಾಯ ಎಂದು ಮೊದಲು ನಾನೂ ಅಂದುಕೊಂಡೆ. ಆದರೆ ಅದೇ ಪುಟದಲ್ಲಿ ಮಾರುದ್ದದ ಇತರ ಪದಗಳನ್ನು ಪೂರ್ತಿಯಾಗಿ ಬರೆದಿರುತ್ತಾರೆ. ಚಿಕ್ಕ ಚಿಕ್ಕ ಈ ನಾಲ್ಕನ್ನು ಮಾತ್ರ ಮೊಟಕು ಮಾಡುತ್ತಾರೆ. ಉಳಿಸುವುದಕ್ಕಲ್ಲ, ಬೇರೆಯಾಗಿ ಕಾಣಿಸುವುದಕ್ಕೆ. ಓದುತ್ತಾ ಹೋಗುವ ಕಣ್ಣು ಆ ಗೆರೆಯ ಬಳಿ ಒಮ್ಮೆ ನಿಲ್ಲಬೇಕು. ಯೆಹೂದ್ಯರು ದೇವರ ನಾಲ್ಕಕ್ಷರದ ಹೆಸರನ್ನು ಬರೆದರೂ ಬಾಯಿಬಿಟ್ಟು ಉಚ್ಚರಿಸುತ್ತಿರಲಿಲ್ಲ, ಆ ಭಯಭಕ್ತಿಯ ನೆರಳು ಇಲ್ಲಿಯೂ ಬಿದ್ದಿದೆ ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ಪೂರ್ವದೇಶದ ಚರ್ಚುಗಳ ಕ್ರಿಸ್ತನ ಚಿತ್ರಪಟಗಳಲ್ಲಿ ಮುಖದ ಎರಡು ಬದಿಗೆ ಈಗಲೂ ಎರಡೆರಡೇ ಅಕ್ಷರ ಇರುತ್ತವೆ. ಒಂದು ಬದಿಯಲ್ಲಿ ಯೇಸು, ಇನ್ನೊಂದು ಬದಿಯಲ್ಲಿ ಖಿಯಿಂದ ಶುರುವಾಗುವ ಕ್ರಿಸ್ತ. ಅದರ ಮುಂದೆ ಮೋಂಬತ್ತಿ ಹಚ್ಚುವ ಯಾರಿಗೂ ಹೆಸರು ಚಿಕ್ಕದಾಯಿತು ಎನ್ನಿಸುವುದಿಲ್ಲ.

ಚಿಕ್ಕದು ಮಾಡುವುದು ಭಕ್ತಿಯೂ ಆಗಬಹುದು ಎಂಬುದು ನಮಗೆ ಹೊಸದಲ್ಲ. ಮುಂಬಯಿಯಲ್ಲಿ ಟ್ಯಾಕ್ಸಿಯ ಗಾಜಿನ ಮೇಲೆ, ಅಂಗಡಿಯ ಗಲ್ಲಾದ ಮೇಲೆ 786 ನೋಡದವರು ಯಾರು? 1975ರ ‘ದೀವಾರ್’ ಸಿನಿಮಾದಲ್ಲಿ ಅಮಿತಾಭ್ ತೋಳಿನ ಬಿಲ್ಲೆಯ ಮೇಲಿದ್ದದ್ದೂ ಅದೇ. ‘ಬಿಸ್ಮಿಲ್ಲಾ’ದಿಂದ ಶುರುವಾಗುವ ಸಾಲಿನ ಅಕ್ಷರಗಳ ಬೆಲೆ ಕೂಡಿಸಿದರೆ ಬರುವ ಮೊತ್ತ ಅದು. ಕಾಗದ ನೆಲಕ್ಕೆ ಬಿದ್ದು ಯಾರದೋ ಕಾಲಿಗೆ ಸಿಕ್ಕಿದರೆ ದೇವರ ಹೆಸರಿಗೆ ಅಪಚಾರವಾಗದಿರಲಿ ಎಂದು ಸಂಖ್ಯೆ ಬರೆಯುತ್ತೇವೆ ಎನ್ನುವವರಿದ್ದಾರೆ. ಸಂಖ್ಯೆ ಎಂದೂ ದೇವರ ಹೆಸರಿನ ಬದಲಿಗೆ ನಿಲ್ಲದು, ಪೂರ್ತಿ ಬರೆಯಿರಿ ಎನ್ನುವ ಮೌಲ್ವಿಗಳೂ ಇದ್ದಾರೆ. ಎರಡೂ ಕಡೆಯವರು ಹೇಳುವುದು ಗೌರವದ ಮಾತನ್ನೇ.

ನಮ್ಮ ತಾತನ ಕಾಗದಗಳನ್ನೇ ತೆಗೆದುಕೊಳ್ಳಿ. ‘ತೀ|| ರೂ|| ತಂದೆಯವರ ಪಾದಗಳಿಗೆ ಸಾ|| ನ||’ ಎಂದು ಶುರು. ತೀರ್ಥರೂಪರು ತೀ ರೂ ಆದರು, ಸಾಷ್ಟಾಂಗ ನಮಸ್ಕಾರ ಎರಡು ಅಕ್ಷರದಲ್ಲಿ ಮಲಗಿ ಎದ್ದಿತು. ಅದನ್ನು ಓದಿದ ಮುತ್ತಾತ ‘ಮಗ ಅರ್ಧ ನಮಸ್ಕಾರ ಮಾಡಿದ’ ಎಂದು ಬೇಸರಪಟ್ಟಿರಲಾರರು. ಆ ಎರಡಕ್ಷರ ಕಂಡೊಡನೆ ಪೂರ್ತಿ ನಮಸ್ಕಾರ ಅವರ ಕಣ್ಣಿಗೆ ಕಟ್ಟುತ್ತಿತ್ತು. ಬರೆದವನಿಗೂ ಓದಿದವನಿಗೂ ಇಬ್ಬರಿಗೂ ಉದ್ದದ್ದು ಗೊತ್ತು, ಅದಕ್ಕೇ ಗಿಡ್ಡದ್ದು ಸಾಕು.

ಇಲ್ಲಿಗೆ ಬರುವಾಗ ನನ್ನ ಗ್ರೀಕ್ ವಾದದಲ್ಲಿಯೇ ಇದ್ದ ತೂತು ಕಂಡಿತು. ಆಮಂತ್ರಣ ಪತ್ರಿಕೆ ಕನ್ನಡದ್ದು. ರೋಮನ್ ಲಿಪಿಯಲ್ಲಿ ಬರೆದಾಗ ಆ ಅಕ್ಷರ ನೋಡುವುದಕ್ಕಾದರೂ ಖಿ ಆಗಿರುತ್ತದೆ, ಬಲ್ಲವರು ‘ಕ್ರಿಸ್’ ಎಂದೇ ಓದಿಕೊಳ್ಳಬಹುದು. ಇಂಗ್ಲಿಷಿನಲ್ಲಿ ಎಷ್ಟೋ ಜನ ಎಕ್ಸ್ ಎಂದು ಬರೆದು ಬಾಯಲ್ಲಿ ಕ್ರಿಸ್ಮಸ್ ಎಂದೇ ಹೇಳುತ್ತಾರೆ. ಆದರೆ ಅದನ್ನು ಕನ್ನಡದಲ್ಲಿ ‘ಎಕ್ಸ್’ ಎಂದು ಬರೆದ ಕೂಡಲೇ ಆಕಾರ ಹೋಗುತ್ತದೆ. ಉಳಿಯುವುದು ಇಂಗ್ಲಿಷ್ ಅಕ್ಷರಮಾಲೆಯ ಇಪ್ಪತ್ತನಾಲ್ಕನೆಯ ಅಕ್ಷರದ ಹೆಸರು. ಅದರಲ್ಲಿ ಖಿ ಇಲ್ಲ, ಕ್ರಿಸ್ತನೂ ಇಲ್ಲ, ಅಡ್ಡಗೆರೆ ಕೂಡ ಇಲ್ಲ. ಎರಡು ಸಾವಿರ ವರ್ಷದ ಯಾವ ಸನ್ಯಾಸಿಯೂ ನನ್ನ ಸಾಕ್ಷಿಗೆ ಬರಲಾರ. ದೇವನಾಗರಿಯಲ್ಲಿ ಹಾಗೆ ಬರೆದ ಬೇಕರಿಯವನದ್ದೂ ಇದೇ ಪಾಡು. ಕನ್ನಡ ಟೀಚರ್ ಇದನ್ನು ಮೊದಲ ದಿನವೇ ಬೆರಳು ಮಡಿಸಿ ಎಣಿಸುವಾಗ ಕಂಡಿದ್ದರೋ ಏನೋ, ಹೇಳಲಿಲ್ಲ.

ಹಾಗಾದರೆ ಕನ್ನಡದಲ್ಲಿ ಕ್ರಿಸ್ತನ ಹೆಸರನ್ನು ಮೊಟಕು ಮಾಡುವುದೇ ಇಲ್ಲವೇ? ದಿನಾ ಮಾಡುತ್ತೇವೆ. ಕ್ರಿ.ಶ., ಕ್ರಿ.ಪೂ. ಈ ಲೇಖನದಲ್ಲಿಯೇ ಆಗಲೇ ಒಮ್ಮೆ ಮಾಡಿದ್ದೇನೆ, ನೀವು ಗಮನಿಸಿರಲಿಕ್ಕಿಲ್ಲ. ಅಶೋಕನಿಂದ ಟಿಪ್ಪುವಿನವರೆಗೆ ಎಲ್ಲರನ್ನೂ ನಾವು ಓದಿದ್ದು ಆ ‘ಕ್ರಿ’ಯ ಹಿಂದೆ ಮುಂದೆ. ಟೀಚರ್ ಕೂಡ ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದಿರುತ್ತಾರೆ. ಅದು ಅವರನ್ನು ಎಂದೂ ಚುಚ್ಚಿಲ್ಲ, ಯಾಕೆಂದರೆ ‘ಕ್ರಿ’ ಎಂಬುದು ನಮ್ಮ ಲಿಪಿಯಲ್ಲಿ ಖಿ ಮಾಡುವ ಕೆಲಸವನ್ನೇ ಮಾಡುತ್ತದೆ. ಹೆಸರಿನ ಬಾಗಿಲು ತೆರೆದು ಇಟ್ಟಿರುತ್ತದೆ.

ಈಚೆಗೆ ಹಲವರು ‘ಕ್ರಿ.ಶ.’ ಬಿಟ್ಟು ‘ಸಾ.ಶ.’ ಬರೆಯುತ್ತಾರೆ, ಸಾಮಾನ್ಯ ಶಕ. ಎಲ್ಲ ಧರ್ಮದವರೂ ಬಳಸುವ ಲೆಕ್ಕಕ್ಕೆ ಒಂದು ಧರ್ಮದ ಹೆಸರು ಯಾಕೆ ಎಂಬ ವಾದ ನ್ಯಾಯವಾಗಿಯೇ ಇದೆ. ಆದರೆ ಎಣಿಕೆ ಮಾತ್ರ ಅದೇ ಹುಟ್ಟಿನಿಂದ. ಮನೆಯ ಮೇಲಿನ ಹೆಸರುಫಲಕ ತೆಗೆದು ಮನೆಯನ್ನು ಅಲ್ಲೇ ಬಿಟ್ಟ ಹಾಗೆ. ನಾನಂತೂ ಹಳೆಯ ರೂಢಿಯವನು, ಕ್ರಿ.ಶ. ಎಂದೇ ಬರೆಯುತ್ತೇನೆ. ಭಕ್ತಿಯಿಂದಲ್ಲ, ಎಲ್ಲಿಂದ ಬಂತೆಂದು ಗೊತ್ತಿರಲಿ ಎಂದು.

ಈಗ ನನ್ನ ಹೆಸರಿನ ವಿಷಯ. ಹೇಳಬಾರದೆಂದುಕೊಂಡಿದ್ದೆ, ಆದರೆ ಇದಿಲ್ಲದೆ ಟೀಚರ್ ಮಾತು ನನಗೆ ಅಷ್ಟು ನಾಟುತ್ತಿರಲಿಲ್ಲ.

ನಮ್ಮದು ಕುಣಿಗಲ್ ಸೀಮೆ. ಎಡೆಯೂರು ಸಿದ್ಧಲಿಂಗೇಶ್ವರನಿಗೆ ಹರಕೆ ಹೊತ್ತು ಹುಟ್ಟಿದವನೆಂದು ಆ ಹೆಸರಿಟ್ಟರು. ಅವ್ವ ಕರೆಯುವುದು ‘ಸಿದ್ದೂ’. ನನ್ನ ಮೊದಲ ಕೆಲಸದ ಮೊದಲ ದಿನ, ಮೇಲಧಿಕಾರಿ ನನ್ನ ಅರ್ಜಿಯ ಮೇಲಿನ ಹೆಸರನ್ನು ಎರಡು ಸಲ ಓದಲು ಹೋಗಿ ನಕ್ಕು, ‘ಸಿಡ್ ಸಾಕು’ ಎಂದರು. ಕೆಟ್ಟ ಮನುಷ್ಯರಲ್ಲ. ಕೈಕುಲುಕಿ ಕಾಫಿ ಕುಡಿಸಿದರು. ನನಗೂ ಆಗ ಅದು ಹಿತವೇ ಆಯಿತು, ಊರಿನ ಧೂಳು ಒಂದು ಉಸಿರಿಗೆ ಹಾರಿಹೋದಂತೆ. ಆಮೇಲೆ ನಾನೇ ‘ಹಾಯ್, ಐ ಆ್ಯಮ್ ಸಿಡ್’ ಎಂದು ಶುರು ಮಾಡಿದೆ. ಹದಿನಾಲ್ಕು ವರ್ಷ, ಮೂರು ಕಂಪನಿ, ಎಲ್ಲ ಕಡೆ ಸಿಡ್.

ಒಮ್ಮೆ ಅಪ್ಪ ಇಲ್ಲಿಗೆ ಬಂದಿದ್ದರು. ಭಾನುವಾರ ನಾನು ಸ್ನಾನಕ್ಕೆ ಹೋಗಿದ್ದಾಗ ನನ್ನ ಫೋನ್ ಎತ್ತಿದರು. ಆ ಕಡೆಯವರು ಸಿಡ್ ಇದ್ದಾರಾ ಎಂದು ಕೇಳಿದ್ದಾರೆ. ‘ರಾಂಗ್ ನಂಬರ್’ ಎಂದು ಇಟ್ಟುಬಿಟ್ಟರು. ಮತ್ತೆ ಬಂತು, ಮತ್ತೆ ಇಟ್ಟರು. ನಾನು ಹೊರಗೆ ಬಂದಾಗ ‘ಯಾರೋ ಸಿಡ್ ಅಂತ ಕೇಳ್ತಾವ್ರೆ ಕಣಪ್ಪ, ಎರಡು ಸಲ’ ಎಂದರು. ನಾನು ‘ಅದು ನಾನೇ ಅಪ್ಪ’ ಎಂದೆ. ಅವರು ನನ್ನ ಮುಖ ನೋಡಿ, ‘ಓ’ ಎಂದು ಪೇಪರ್ ತೆಗೆದುಕೊಂಡರು. ಅಷ್ಟೆ. ಬೈಯಲಿಲ್ಲ, ಏನೂ ಹೇಳಲಿಲ್ಲ. ಆ ಪೇಪರ್ ಮರಾಠಿಯದಾಗಿತ್ತು, ಅಪ್ಪನಿಗೆ ಮರಾಠಿ ಬರುವುದಿಲ್ಲ.

‘ಸಿದ್ದು’ ಮತ್ತು ‘ಸಿಡ್’ ಎರಡೂ ಒಂದೇ ಹೆಸರಿನ ತುಂಡುಗಳು. ಅಳೆದರೆ ಒಂದೇ ಗಾತ್ರ. ಆದರೆ ಅವ್ವ ಕರೆಯುವಾಗ ಸಿದ್ಧಲಿಂಗಸ್ವಾಮಿ ಪೂರ್ತಿ ಅವಳ ಬಾಯಲ್ಲಿರುತ್ತಾನೆ, ಹರಕೆ ಹೊತ್ತವಳು ಅವಳೇ. ಆ ಮೇಲಧಿಕಾರಿಗೆ ತುಂಡಿನ ಹಿಂದೆ ಏನೂ ಇರಲಿಲ್ಲ, ಇರಬೇಕಾದ ಅಗತ್ಯವೂ ಇರಲಿಲ್ಲ. ಇದರಲ್ಲಿ ಅವರ ತಪ್ಪು ಎಷ್ಟು, ನನ್ನದು ಎಷ್ಟು ಎಂದು ನಾನು ಹಲವು ಸಲ ತೂಗಿದ್ದೇನೆ. ತಕ್ಕಡಿ ಪ್ರತಿ ಸಲ ನನ್ನ ಕಡೆಯೇ ವಾಲುತ್ತದೆ. ಅವರು ಒಮ್ಮೆ ಹೇಳಿದರು, ನಾನು ಹದಿನಾಲ್ಕು ವರ್ಷ ಹೇಳಿದೆ. ನಾಳೆ ಯಾರಾದರೂ ವಿದ್ವಾಂಸರು ಬಂದು ‘ಸಿಡ್’ ಎಂಬುದಕ್ಕೆ ಸಂಸ್ಕೃತದಲ್ಲಿಯೇ ಮೂಲವಿದೆ, ಅದು ಸಿದ್ಧ ಶಬ್ದದ ಸಹಜ ಸಂಕ್ಷೇಪ, ನೊಂದುಕೊಳ್ಳಬೇಡಿ ಎಂದರೆ ಅಪ್ಪನ ಆ ‘ಓ’ ಹಿಂದಕ್ಕೆ ಹೋಗುತ್ತದೆಯೇ?

ಮುಂಬಯಿಯಲ್ಲಿ ನನ್ನನ್ನು ಪೂರ್ತಿ ಹೆಸರು ಹಿಡಿದು ಕರೆಯುವವರು ಒಬ್ಬರೇ. ಅದು ಯಾರೆಂದು ಹೇಳಬೇಕಾಗಿಲ್ಲ.

ಇಂಗ್ಲಿಷ್ ಲೇಖಕ ಸಿ. ಎಸ್. ಲೂಯಿಸ್ 1954ರಲ್ಲಿ ಈ ವಿಷಯದ ಮೇಲೆ ಒಂದು ತಮಾಷೆಯ ಬರಹ ಬರೆದ. ಗ್ರೀಕ್ ಚರಿತ್ರಕಾರ ಹೆರೊಡೋಟಸ್ ಬರೆದಂತೆ ನಟಿಸುತ್ತಾ, ದ್ವೀಪವೊಂದರ ಜನ ಒಂದೇ ದಿನ ಎರಡು ಬೇರೆ ಬೇರೆ ಹಬ್ಬ ಮಾಡುತ್ತಾರೆ ಎಂದು ವರ್ಣಿಸುತ್ತಾನೆ. ಒಂದು, ಎಲ್ಲರೂ ಸುಸ್ತಾಗುವಷ್ಟು ಕಾರ್ಡು, ಉಡುಗೊರೆ, ಅಂಗಡಿ ಅಲೆದಾಟದ ಹಬ್ಬ. ಇನ್ನೊಂದು, ಕೆಲವೇ ಜನ ಮಾಡುವ ದೇವರ ಹಬ್ಬ. ಮೊದಲನೆಯದಕ್ಕೆ ಎಕ್ಸ್‌ನಿಂದ ಶುರುವಾಗುವಂಥ ಹೆಸರು, ಎರಡನೆಯದಕ್ಕೆ ಕ್ರಿಸ್‌ನಿಂದ ಶುರುವಾಗುವಂಥದ್ದು. ಲೂಯಿಸ್ ಆಸ್ತಿಕ, ಅವನ ವ್ಯಂಗ್ಯದ ಕೆಳಗೆ ಸಂಕಟವಿದೆ. ಇದನ್ನು ಓದಿದಾಗ ಒಳ್ಳೆಯ ಉಪಾಯ ಅನ್ನಿಸಿತು. ಮಾಲಿನ ಹಬ್ಬಕ್ಕೆ ಒಂದು ಹೆಸರು, ಚರ್ಚಿನ ಹಬ್ಬಕ್ಕೆ ಒಂದು. ಯಾರಿಗೂ ತಂಟೆಯಿಲ್ಲ.

ಆದರೆ ನಮ್ಮ ಕಟ್ಟಡದಲ್ಲಿ ಅದು ನಡೆಯುವುದಿಲ್ಲ. ಆ ವರ್ಷ ಡಿಸೆಂಬರ್ 24ರ ಮಧ್ಯಾಹ್ನ ಎಂದಿನಂತೆ ಟೀಚರ್ ಮನೆಯಿಂದ ಕುಸ್ವಾರ್ ಬಂತು. ಸ್ಟೀಲ್ ತಟ್ಟೆ, ಮೇಲೆ ಕ್ರೋಶಾ ಹಾಕಿದ ಬಿಳಿ ಬಟ್ಟೆ, ಒಳಗೆ ನೆವ್ರಿ, ಕಿಡಿಯೊ, ರೋಸ್ ಕುಕ್ಕಿ, ಎರಡು ತುಂಡು ಕೇಕ್. ಎಣ್ಣೆಯಲ್ಲಿ ಕರಿದು ಕರಿದು ಅವರ ಕೈ ಮೇಲೆ ಎರಡು ಕಡೆ ಬೊಬ್ಬೆ ಎದ್ದಿತ್ತು. ಲೂಯಿಸ್ ಹೇಳುವ ಯಾವ ಹಬ್ಬಕ್ಕೆ ಈ ತಟ್ಟೆ ಸೇರಿದ್ದು? ಉಡುಗೊರೆಯೂ ಹೌದು, ದಣಿವೂ ಹೌದು. ರಾತ್ರಿ ಅವರು ಪೂಜೆಗೆ ಹೋಗುವ ಹಬ್ಬವೂ ಅದೇ. ತಟ್ಟೆ ತಂದವರಿಗೆ ‘ಇದು ನಿಮ್ಮ ಹಬ್ಬ, ನಾವು ಆಚರಿಸುವುದು ಬೇರೆಯದು’ ಎಂದು ಹೇಳುವುದು ಹೇಗೆ? ನಮ್ಮ ಮಕ್ಕಳು ಅಷ್ಟು ಹೊತ್ತಿಗೆ ಅರ್ಧ ಕಿಡಿಯೊ ಖಾಲಿ ಮಾಡಿದ್ದರು.

ಆಮಂತ್ರಣ ಪತ್ರಿಕೆಗಳನ್ನು ನಾನು ಮತ್ತೆ ಅಚ್ಚು ಹಾಕಿಸಲಿಲ್ಲ. ಅಷ್ಟು ಹಣವೂ ಇರಲಿಲ್ಲ, ಹೆಚ್ಚಿನವು ಹಂಚಿಯೂ ಆಗಿತ್ತು. ಉಳಿದಿದ್ದ ಮೂವತ್ತರಲ್ಲಿ ಪೆನ್ನಿನಿಂದ ತಿದ್ದಿದೆ. ತಿದ್ದುವುದೆಂದರೆ ಆ ಪದದ ಮೇಲೆ ಅಡ್ಡಡ್ಡ ಗೆರೆ ಎಳೆದು ಪಕ್ಕದಲ್ಲಿ ‘ಕ್ರಿಸ್ಮಸ್’ ಎಂದು ಬರೆಯುವುದು. ಹತ್ತು ಹನ್ನೆರಡು ತಿದ್ದಿದ ಮೇಲೆ ನಾನು ಏನು ಎಳೆಯುತ್ತಿದ್ದೇನೆ ಎಂದು ನೋಡಿಕೊಂಡು ನಗು ಬಂತು. ಟೀಚರಿಗೆ ಕ್ಷಮಿಸಿ ಎಂದು ಹೇಳಲಿಲ್ಲ. ಹೇಳಿದ್ದರೆ ಅವರಿಗೇ ಮುಜುಗರವಾಗುತ್ತಿತ್ತು ಎಂದು ನನಗೆ ನಾನೇ ಹೇಳಿಕೊಂಡೆ. ಇದೂ ಆಮೇಲೆ ಹುಡುಕಿದ ಕಾರಣವೇ ಇರಬಹುದು.

ಕಳೆದ ವರ್ಷ ಪತ್ರಿಕೆ ಅಚ್ಚಿಗೆ ಹೋಗುವ ಮೊದಲೇ ಕರಡನ್ನು ಅವರ ಮನೆಗೆ ಕೊಟ್ಟು ಬಂದೆ. ಮೊದಲ ಸಾಲಿನಲ್ಲಿ ‘ಕ್ರಿಸ್ಮಸ್’ ಎಂದು ಎದ್ದು ಕಾಣುವ ಹಾಗೆ ದಪ್ಪಕ್ಷರದಲ್ಲಿ ಹಾಕಿದ್ದೆ. ಸಂಜೆ ಮಗಳ ಕೈಲಿ ಕರಡು ವಾಪಸು ಬಂತು. ಮೊದಲ ಸಾಲಿನ ಬಗ್ಗೆ ಅವರು ಏನೂ ಬರೆದಿರಲಿಲ್ಲ. ಕೆಳಗೆ ನಾನು ‘ಹಾರ್ಧಿಕ ಶುಭಾಶಯ’ ಎಂದು ಬರೆದಿದ್ದೆ. ಆ ‘ಧಿ’ಯ ಮೇಲೆ ಕೆಂಪು ಇಂಕಿನಲ್ಲಿ ದೊಡ್ಡದೊಂದು ಇಂಟು ಮಾರ್ಕ್.